ದೊಡ್ಡಮ್ಮನಿಗೆ ದುಡ್ಡು ಕಳಿಸಿದರೆ ಪೆನ್ಶನ್ ಕಟ್ ಆಗ್ತದಾ?

ನೀವು ಬೆಂಗಳೂರಿನಿಂದ ಕೇಳಿದ್ದು ನಮ್ಮೂರಿನ ದಿನನಿತ್ಯದ ಪ್ರಶ್ನೆ. ಕಾಸರಗೋಡಿನ ಪೆರ್ಲದ ಹತ್ತಿರ ಒಬ್ಬರೇ ಇರುವ ದೊಡ್ಡಮ್ಮನಿಗೆ ಮನೆಯ ಮಾಡು (ಛಾವಣಿ) ರಿಪೇರಿಗೆ ಒಂದು ಲಕ್ಷ ಕೊಡಬೇಕು ಅಂತ ನಿಮ್ಮ ಆಸೆ. ಅವರು "ಬೇಡ ಮಗಾ, ವಿಧವಾ ಪೆನ್ಶನ್ ಕಟ್ ಆಗ್ತದೆ" ಅಂತ ಹೆದರಿದ್ದಾರೆ. ನಾನು ಅಲ್ಲೇ ಬದಿಯಡ್ಕದ ಕಡೆಯವನು. ನನ್ನ ಅಮ್ಮನೂ ಹೀಗೇ ಹೆದರಿದ್ದರು.

ಮೊದಲು ಒಂದು ಮಾತು. ಕರ್ನಾಟಕದ ಗೃಹಲಕ್ಷ್ಮಿಯ ನಿಯಮ ಇಲ್ಲಿಗೆ ಹೊಂದಿಸಬೇಡಿ. 1956ರಿಂದ ನಾವು ಕೇರಳದವರು. ಇಲ್ಲಿನ ಕ್ಷೇಮ ಪೆನ್ಶನ್ (ವಿಧವಾ ಪೆನ್ಶನ್ ಕೂಡ ಇದರಲ್ಲೇ ಬರುತ್ತದೆ) ತಿಂಗಳಿಗೆ 1600 ಇದ್ದದ್ದು 2025ರ ನವೆಂಬರ್‌ನಿಂದ 2000 ಆಗಿದೆ. ಮೊತ್ತ ಎರಡೂ ಕಡೆ ಒಂದೇ, ನಿಯಮ ಬೇರೆ. ಇಲ್ಲಿ ಕುಟುಂಬದ ವರ್ಷದ ಆದಾಯ ಒಂದು ಲಕ್ಷ ದಾಟಬಾರದು. ಆದಾಯದ ಸರ್ಟಿಫಿಕೇಟು ಕೊಡುವುದು ವಿಲ್ಲೇಜ್ ಆಫೀಸು, ಅರ್ಜಿ ಹಾಕುವುದು ಹೆಚ್ಚಾಗಿ ಅಕ್ಷಯ ಕೇಂದ್ರದಲ್ಲಿ, ಅಂದರೆ ಸರ್ಕಾರಿ ಆನ್‌ಲೈನ್ ಸೇವೆಯ ಅಂಗಡಿಯಲ್ಲಿ.

ಅಮ್ಮನ ಆಪರೇಶನ್‌ಗೆ ನೆಂಟರೆಲ್ಲ ಸೇರಿ ಎಂಬತ್ತು ಸಾವಿರ ಕೊಟ್ಟರು. ಅಮ್ಮ ಅದನ್ನು ಬ್ಯಾಂಕಿಗೆ ಹಾಕಲು ಬಿಡಲೇ ಇಲ್ಲ. ಅಕ್ಕಿ ಡಬ್ಬದಲ್ಲಿ ಇಟ್ಟರು. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಆಮೇಲೆ ನಾನೇ ವಿಲ್ಲೇಜ್ ಆಫೀಸಿಗೆ ಹೋಗಿ ವಿಷಯ ಹೇಳಿದೆ. ಅವರು ಕೇಳಿದ್ದು ಇಷ್ಟು: ಜಾಗ ಎಷ್ಟಿದೆ, ಅಡಿಕೆ ಇದೆಯಾ, ಮನೆಯಲ್ಲಿ ಕೆಲಸಕ್ಕೆ ಹೋಗುವವರು ಯಾರು, ಗಲ್ಫಿನಲ್ಲಿ ಯಾರಾದರೂ ಇದ್ದಾರಾ. ನೆಂಟರು ಆಸ್ಪತ್ರೆಗೆ ಕೊಟ್ಟದ್ದನ್ನು ಆದಾಯಕ್ಕೆ ಸೇರಿಸಲಿಲ್ಲ. ಅಮ್ಮನ ಪೆನ್ಶನ್ ಈಗಲೂ ಸಹಕಾರಿ ಸೊಸೈಟಿಯವರು ಮನೆಗೇ ತಂದು ಕೊಡುತ್ತಾರೆ.

ಹಾಗಂತ ಸುಮ್ನೆ ಕಳಿಸಿಬಿಡಿ ಅಂತ ಹೇಳುವುದಿಲ್ಲ. ಮದುವೆಯಲ್ಲಿ ಸಿಕ್ಕ ಮುಯ್ಯಿಗೆ ಆದಾಯ ತೆರಿಗೆ ಇಲ್ಲ. ಹತ್ತಿರದ ಸಂಬಂಧಿಕರು ಕೊಟ್ಟದ್ದಕ್ಕೂ ಇಲ್ಲ. ಆದರೆ ಆ 'ಹತ್ತಿರದ ಸಂಬಂಧ' ನಮ್ಮ ಲೆಕ್ಕದ ಹಾಗೆ ನಡೆಯುವುದಿಲ್ಲ. ದೊಡ್ಡಮ್ಮ ನಿಮಗೆ ಕೊಟ್ಟರೆ ಅವರು ನಿಮ್ಮ ಸಂಬಂಧಿ. ನೀವು ದೊಡ್ಡಮ್ಮನಿಗೆ ಕೊಟ್ಟರೆ, ಕಾನೂನಿನ ಪಟ್ಟಿಯಲ್ಲಿ ತಂಗಿಯ ಮಗ ಇಲ್ಲ! ಪಟ್ಟಿಯಲ್ಲಿ ಇಲ್ಲದವರಿಂದ ಒಂದು ವರ್ಷದಲ್ಲಿ 50,000 ದಾಟಿ ಬಂದರೆ ಪೂರ್ತಿ ಹಣ ಆದಾಯ ಅಂತ ಲೆಕ್ಕ. ದೊಡ್ಡಮ್ಮನಿಗೆ ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಬೀಳದೆ ಇರಬಹುದು. ಆದರೂ ಒಂದು ಲಕ್ಷದ ಮಿತಿ ಇರುವವರ ಹೆಸರಿಗೆ ಒಂದು ಲಕ್ಷ ಆದಾಯ ಯಾಕೆ ಬೇಕು ಹೇಳಿ? ನಿಮ್ಮ ಅಮ್ಮ ತನ್ನ ಅಕ್ಕನಿಗೆ ಕೊಡಲಿ. ಅಕ್ಕ-ತಂಗಿ ಪಟ್ಟಿಯಲ್ಲಿದ್ದಾರೆ. ಇಲ್ಲವೇ ಹಂಚು, ಮರ, ಆಚಾರಿಯ ಕೂಲಿಯನ್ನು ನೀವೇ ನೇರವಾಗಿ ಕೊಟ್ಟು ಕೆಲಸ ಮಾಡಿಸಿ. ನನಗೆ ಈ ಎರಡನೆಯದೇ ಇಷ್ಟ. ದುಡ್ಡು ಅವರ ಕೈಗೆ ಬಂದರೆ ಕೇಳಿಕೊಂಡು ಬರುವವರೂ ಜಾಸ್ತಿ.

ಪೆನ್ಶನ್‌ಗಿಂತ ನನಗೆ ಚಿಂತೆ ರೇಶನ್ ಕಾರ್ಡಿನದ್ದು. ದೊಡ್ಡಮ್ಮನದ್ದು ಪಿಂಕ್ ಕಾರ್ಡು, ಅಂದರೆ ಬಡವರ ಆದ್ಯತಾ ಕಾರ್ಡು ಅಂದಿರಿ. ಮನೆ 1000 ಚದರ ಅಡಿ ದಾಟಿದರೆ, ಜಾಗ ಒಂದು ಎಕರೆ ದಾಟಿದರೆ, ಮನೆಯವರ ಹೆಸರಲ್ಲಿ ಕಾರು ಇದ್ದರೆ ಆ ಕಾರ್ಡು ಹೋಗುತ್ತದೆ. ಕಾರ್ಡಿನಲ್ಲಿ ಹೆಸರಿರುವವರ ಆದಾಯ ತಿಂಗಳಿಗೆ 25,000 ದಾಟಿದರೂ ಹೋಗುತ್ತದೆ. ಗಲ್ಫಿನಲ್ಲಿ ದುಡಿಯುವ ಮಗನ ಆದಾಯವೂ ಆ ಲೆಕ್ಕದಲ್ಲಿ ಬರುತ್ತದೆ. ಪೆನ್ಶನ್‌ಗೆ ಮನೆಯ ಮಿತಿ 2000 ಚದರ ಅಡಿ, ಜೊತೆಗೆ ಏಸಿ ಇರಬಾರದು.

ಹಾಗಾಗಿ ಮಾಡು ಸರಿ ಮಾಡಿಸಿ, ಆದರೆ ಅದೇ ಹುರುಪಿನಲ್ಲಿ ಎರಡು ಕೋಣೆ ಎಳೆಯಬೇಡಿ. ನಮ್ಮ ಪಕ್ಕದ ಮನೆಯ ಬೀಡಿ ಕಟ್ಟುವ ಅಕ್ಕನಿಗೆ ಆದದ್ದು ಇದೇ. ಅಣ್ಣಂದಿರು ಪ್ರೀತಿಯಿಂದ ಟೆರೇಸು ಮನೆ ಮಾಡಿಕೊಟ್ಟರು, ಪಿಂಕ್ ಕಾರ್ಡು ಹೋಗಿ ಆದ್ಯತೆ ಇಲ್ಲದ ಬಿಳಿ ಕಾರ್ಡು ಆಯಿತು. ಮನೆ ದೊಡ್ಡದಾದರೂ ಅವಳ ದುಡಿಮೆ ಮೊದಲಿನಷ್ಟೇ. ಅಕ್ಕಿಗೆ ಈಗ ಜಾಸ್ತಿ ದುಡ್ಡು ಕೊಡುತ್ತಾಳೆ. ನೋಡುವಾಗ ಹೊಟ್ಟೆ ಉರಿಯುತ್ತದೆ. ನಿಮ್ಮ ಹಳೇ ಕಾರನ್ನು ದೊಡ್ಡಮ್ಮನ ಹೆಸರಿಗೆ ಮಾಡುವ ಯೋಚನೆ ಇದ್ದರೆ ಅದನ್ನೂ ಬಿಡಿ.

ನಿಜ ಹೇಳಬೇಕೆಂದರೆ, ನಮ್ಮ ಕಡೆ ಪೆನ್ಶನ್ ನಿಲ್ಲುವುದು ಉಡುಗೊರೆಯಿಂದಲ್ಲ, ಮರೆವಿನಿಂದ. ಬೆರಳು ಒತ್ತಿ ಮಸ್ಟರಿಂಗ್, ಅಂದರೆ ಬದುಕಿದ್ದೇವೆ ಅಂತ ದಾಖಲೆ, ಮಾಡಿಸದಿದ್ದರೆ ನಿಲ್ಲುತ್ತದೆ. 60 ದಾಟದ ವಿಧವೆಯರು ಮರುಮದುವೆ ಆಗಿಲ್ಲ ಅಂತ ಪ್ರತಿ ವರ್ಷ ಸರ್ಟಿಫಿಕೇಟು ಕೊಡಬೇಕು. ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ, ಕನ್ನಡ ಶಾಲೆಯಲ್ಲಿ ಕಲಿತ ಅಜ್ಜಿಯಂದಿರಿಗೆ ಓದಲು ಆಗುವುದಿಲ್ಲ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕಿದೆ, ಅದನ್ನು ಅವರಿಗೆ ಹೇಳಿ. ದೊಡ್ಡಮ್ಮನ ವಾರ್ಡಿನ ಮೆಂಬರರ ನಂಬರು ಇಟ್ಟುಕೊಳ್ಳಿ. ಮಸ್ಟರಿಂಗ್ ಶುರುವಾಯಿತಾ ಅಂತ ನೀವೇ ಆಗಾಗ ಫೋನ್ ಮಾಡಿ ವಿಚಾರಿಸಿ. ಮಾಡು ರಿಪೇರಿಯನ್ನು ಮಾತ್ರ ಮಳೆಗಾಲಕ್ಕೆ ಮೊದಲೇ ಮುಗಿಸಿ.