ಜರ್ಮನಿಯಲ್ಲಿ ಓದು ಫ್ರೀ ಅಂತಾರೆ, ನಿಜಾನಾ? ಅಲ್ಲಿ ಓದಿದವರ ಅನುಭವ ಹೇಗಿತ್ತು?

ನೀವು ಕೇಳಿರುವುದು ಎರಡು ಪ್ರಶ್ನೆ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೀರಿ, ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡೋಕೆ ಫೀಸ್ ಇಲ್ಲ ಅನ್ನೋದು ನಿಜಾನಾ ಅನ್ನೋದು ಒಂದು. ಹೋಗಿ ಓದಿದವರಿಗೆ ಹೇಗನ್ನಿಸಿತು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಹೆಚ್ಚುಕಮ್ಮಿ ನಿಜ, ಇಲ್ಲಿ ಫೀಸ್ ಕೇಳುವವರಿಲ್ಲ. ಎರಡನೆಯದಕ್ಕೆ ಉತ್ತರವೂ ಅದರಲ್ಲೇ ಇದೆ. ಇಲ್ಲಿ ಬೇರೆ ಏನನ್ನೂ ಕೇಳುವವರಿಲ್ಲ. ನನಗೆ ಕಷ್ಟವಾಗಿದ್ದು ಅದೇ.

ನಾನು ದಾವಣಗೆರೆಯವನು. ವಿಟಿಯುನಲ್ಲಿ ಇಸಿ (ಎಲೆಕ್ಟ್ರಾನಿಕ್ಸ್) ಎಂಜಿನಿಯರಿಂಗ್, 70%. 2018ರ ಅಕ್ಟೋಬರ್‌ನಲ್ಲಿ ಚೆಮ್ನಿಟ್ಸ್ ಅನ್ನುವ ಊರಿಗೆ ಎಂಬೆಡೆಡ್ ಸಿಸ್ಟಮ್ಸ್ ಓದೋಕೆ ಬಂದೆ. ಹೆಸರು ಕೇಳಿರಲಿಕ್ಕಿಲ್ಲ. ಹಳೆಯ ಪೂರ್ವ ಜರ್ಮನಿಯ ಊರು, ಜನಸಂಖ್ಯೆ ಎರಡೂವರೆ ಲಕ್ಷದ ಹತ್ತಿರ. 1953ರಿಂದ 1990ರವರೆಗೆ ಅದರ ಹೆಸರು ಕಾರ್ಲ್ ಮಾರ್ಕ್ಸ್ ನಗರ ಅಂತಿತ್ತು. ಊರ ನಡುವೆ ಈಗಲೂ ಮಾರ್ಕ್ಸ್‌ನ ತಲೆ ಇದೆ, ಬರೀ ತಲೆ, ಏಳು ಮೀಟರ್ ಎತ್ತರ. ಒಂದು ಕಾಲದಲ್ಲಿ ಬಟ್ಟೆ ಗಿರಣಿಗಳಿಂದಾಗಿ ಚೆಮ್ನಿಟ್ಸನ್ನು ಸ್ಯಾಕ್ಸನಿಯ ಮ್ಯಾಂಚೆಸ್ಟರ್ ಅಂತ ಕರೀತಿದ್ದರಂತೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿದೆ. ಒಂದು ಮುಚ್ಚಿದ ಗಿರಣಿ ಊರಿಂದ ಇನ್ನೊಂದಕ್ಕೆ ಬಂದೆ ಅಂತ ಅಪ್ಪಾಜಿಗೆ ಹೇಳಿದರೆ ಅವರು ನಗಲಿಲ್ಲ. ನಮ್ಮ ತಾತ ಗಿರಣಿಯಲ್ಲಿ ಕೆಲಸ ಮಾಡಿದವರು.

ಅಪ್ಪಾಜಿ ನಗದೇ ಇರೋದಕ್ಕೆ ಬೇರೆ ಕಾರಣವೂ ಇತ್ತು. ನಾನು ಹೊರಡುವ ತಿಂಗಳ ಮುಂಚೆ, ಆಗಸ್ಟ್ ಕೊನೆಯಲ್ಲಿ, ಅದೇ ಊರ ಹಬ್ಬದಲ್ಲಿ ಚಾಕು ಇರಿತವಾಗಿ ಒಬ್ಬರು ಸತ್ತಿದ್ದರು. ಅದರ ಬೆನ್ನಿಗೇ ವಿದೇಶಿಯರ ವಿರುದ್ಧ ಬಲಪಂಥೀಯರ ಮೆರವಣಿಗೆ, ಗಲಾಟೆ. ಆ ಸುದ್ದಿ ನಮ್ಮನೆ ಟಿವಿಗೂ ಬಂತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬ್ಯಾಂಕಿನಲ್ಲಿ ಸೈಟಿನ ಪತ್ರ ಇಟ್ಟು ಸಾಲ ತೆಗೆದಾಗಿತ್ತು, ವೀಸಾ ಬಂದಾಗಿತ್ತು. ಹೋಗಲೇಬೇಕಿತ್ತು.

ಆ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಮೂರು ವರ್ಷದಲ್ಲಿ ಒಂದು ಸಲ ಟ್ರಾಮ್‌ನಲ್ಲಿ ಕುಡಿದವನೊಬ್ಬ ನನ್ನನ್ನು ನೋಡಿ ಕೂಗಾಡಿದ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅವನಿಗೆ ಅವನ ಭಾಷೆಯಲ್ಲೇ ಉಗಿದರು. ದಿಟ್ಟಿಸಿ ನೋಡುವವರು ಇದ್ದರು. ರಾತ್ರಿ ತಡವಾದರೆ ಒಬ್ಬನೇ ಊರ ನಡುವಿಂದ ನಡೆದು ಬರುತ್ತಿರಲಿಲ್ಲ. ನನಗಾದದ್ದು ಇಷ್ಟೇ. ಬೇರೆಯವರಿಗೆ ಹೆಚ್ಚು ಆಗಿರಬಹುದು.

ದುಡ್ಡಿನ ವಿಷಯ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಸಾಮಾನ್ಯವಾಗಿ ಇಲ್ಲ. ಆದರೆ ಎಲ್ಲ ಕಡೆ ಅಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್‌ನ ಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಕೂಡ 2024ರಿಂದ ಹೊಸದಾಗಿ ಸೇರುವವರಿಂದ ತಗೊಳ್ಳುತ್ತಿದೆ, ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000. ನಮ್ಮಲ್ಲಿ ಸೆಮಿಸ್ಟರ್ ವಂತಿಗೆ ಅಂತ 250 ಯೂರೋ ಆಸುಪಾಸು ಕಟ್ಟುತ್ತಿದ್ದೆವು, ಅದರಲ್ಲೇ ಬಸ್ಸು, ಟ್ರಾಮ್ ಓಡಾಟ ಬರುತ್ತಿತ್ತು. ನಿಜವಾದ ದುಡ್ಡು ಬೇಕಾಗೋದು ಬ್ಲಾಕ್ಡ್ ಅಕೌಂಟಿಗೆ. ಒಂದು ವರ್ಷದ ಖರ್ಚನ್ನು ಮೊದಲೇ ಅಲ್ಲಿ ಇಡಬೇಕು, ಬಂದಮೇಲೆ ತಿಂಗಳಿಗಿಷ್ಟು ಅಂತ ನಮಗೇ ವಾಪಸ್ ಕೊಡುತ್ತಾರೆ. ನಾನು ಇಟ್ಟಿದ್ದು 8,640 ಯೂರೋ, ಆಗಿನ ಲೆಕ್ಕದಲ್ಲಿ ಏಳು ಲಕ್ಷ. ಈಗ ಅದು 11,904. ಸುಮಾರು 12 ಲಕ್ಷ ಅಂದುಕೊಳ್ಳಿ. ಫ್ರೀ ಅಂದವರು ಇದನ್ನು ಹೇಳಿರಲ್ಲ.

ಇನ್ನೊಂದು ಮಾತು. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ನನಗೆ "ನಿಮ್ಮ ಮಾರ್ಕ್ಸಿಗೆ ಸರ್ಕಾರಿ ಸೀಟು ಸಿಗಲ್ಲ, ಪ್ರೈವೇಟ್ ನೋಡಿ" ಅಂದಿದ್ದರು. ಆ ಪ್ರೈವೇಟ್‌ನ ಫೀಸ್ ವರ್ಷಕ್ಕೆ ಲಕ್ಷಗಟ್ಟಲೆ. ನಮ್ಮ ಮಾರ್ಕ್ಸನ್ನು ಇಲ್ಲಿನ ಗ್ರೇಡಿಗೆ ಬದಲಿಸುವ ಸೂತ್ರ ಒಂದಿದೆ, ಐದು ನಿಮಿಷದ ಲೆಕ್ಕ. 100ರಿಂದ ನಿಮ್ಮ ಶೇಕಡಾವಾರು ಕಳೆಯಿರಿ, 3ರಿಂದ ಗುಣಿಸಿ, 60ರಿಂದ ಭಾಗಿಸಿ, 1 ಕೂಡಿಸಿ. (ಪಾಸ್ ಮಾರ್ಕು 40 ಅಂತ ಇಟ್ಟುಕೊಂಡರೆ.) ನನ್ನ 70% ಇಲ್ಲಿ 2.5 ಆಯಿತು. ತುಂಬಾ ಕೋರ್ಸ್‌ಗಳಿಗೆ ಅದು ಸಾಕಿತ್ತು. ಅರ್ಜಿಯನ್ನು ನಾನೇ ಹಾಕಿದೆ, ಸೀಟೂ ಸಿಕ್ಕಿತು.

ಈ ಗ್ರೇಡುಗಳ ಬಗ್ಗೆ ಒಂದು ಕಥೆ ಹೇಳಲೇಬೇಕು. ಇಲ್ಲಿ ಎಲ್ಲ ತಲೆಕೆಳಗು. 1.0 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 4.0ಗೆ ಪಾಸು, 5.0 ಅಂದರೆ ಫೇಲು. ಮೊದಲ ಸೆಮಿಸ್ಟರ್‌ನಲ್ಲಿ ನಾಲ್ಕು ಪರೀಕ್ಷೆ ಬರೆದೆ, ಎರಡರಲ್ಲಿ 5.0 ಬಂತು. ಫೋನ್‌ನಲ್ಲಿ ಅಮ್ಮ "ಎಷ್ಟು ಬಂತಪಾ" ಅಂದಾಗ ಬಾಯಿಗೆ ಸುಳ್ಳು ಬರಲಿಲ್ಲ, "ಎರಡರಲ್ಲಿ ಐದು" ಅಂದೆ. ಮಾರನೇ ದಿನ ಹರಿಹರದಿಂದ ಚಿಕ್ಕಮ್ಮ ಫೋನ್ ಮಾಡಿ, "ಐದಕ್ಕೆ ಐದು ತಗೊಂಡಿಯಂತೆ, ಭಾಳ ಖುಷಿ ಆತು" ಅಂದರು. ನಾನು ಥ್ಯಾಂಕ್ಸ್ ಚಿಕ್ಕಮ್ಮ ಅಂದೆ. ಇನ್ನೇನು ಹೇಳಲಿ?

ಯಾಕೆ ಫೇಲಾದೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವು ಕೇಳಿದ ಅನುಭವ ಅಂದರೆ ನನ್ನ ಮಟ್ಟಿಗೆ ಇದೇ.

ವಿಟಿಯು ಕಾಲೇಜಿನಲ್ಲಿ ನಮ್ಮನ್ನು ಹೇಗೆ ಓಡಿಸುತ್ತಾರೆ ನಿಮಗೆ ಗೊತ್ತು. ಮೂರು ಇಂಟರ್ನಲ್ಸ್, ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್. ಅಟೆಂಡೆನ್ಸ್ ಶಾರ್ಟೇಜ್ ಆದರೆ ಎಚ್‌ಒಡಿ ಮನೆಗೆ ಫೋನ್ ಮಾಡುತ್ತಾರೆ. ನಾವು ಬೈಕೊಂಡೇ ಓದಿದೆವು, ಆದರೆ ಓದಿದೆವು. ಇಲ್ಲಿ ಕ್ಲಾಸಿಗೆ ಬಂದೆಯಾ ಅಂತ ಯಾರೂ ಕೇಳಲ್ಲ. ಲೆಕ್ಚರ್‌ಗೆ ಹಾಜರಿ ಪುಸ್ತಕವೇ ಇಲ್ಲ. ಇಂಟರ್ನಲ್ಸ್ ಇಲ್ಲ, ನನ್ನ ಬಹುಪಾಲು ವಿಷಯಗಳಲ್ಲಿ ಸೆಮಿಸ್ಟರ್ ಕೊನೆಗೆ ಒಂದೇ ಪರೀಕ್ಷೆ. ಪಾಠ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಬೆಂಚು ತಟ್ಟುತ್ತಾರೆ, ಅದೇ ಚಪ್ಪಾಳೆ. ತಟ್ಟಿ ಎದ್ದು ಹೋಗುತ್ತಾರೆ. ಮೊದಲ ವಾರ ನನಗೆ ಇದು ಸ್ವರ್ಗ ಅನ್ನಿಸಿತ್ತು.

ಜನವರಿ ಹೊತ್ತಿಗೆ ಕೈಖರ್ಚಿಗೆ ಅಂತ ಒಂದು ಪಾರ್ಸೆಲ್ ಗೋದಾಮಿಗೆ ಸೇರಿದೆ. ರಾತ್ರಿ ಪಾಳಿ. 2019ರಲ್ಲಿ ಕನಿಷ್ಠ ಕೂಲಿ ಗಂಟೆಗೆ 9.19 ಯೂರೋ. ಅದನ್ನು ರೂಪಾಯಿಗೆ ಗುಣಿಸಿ ನೋಡುವುದೇ ಒಂದು ಚಟ ಆಗಿಬಿಡುತ್ತದೆ. ಒಂದು ರಾತ್ರಿಗೆ ಐದಾರು ಸಾವಿರ! ಬೆಳಿಗ್ಗೆ ಆರಕ್ಕೆ ರೂಮಿಗೆ ಬಂದು ಮಲಗಿದರೆ ಏಳುವಾಗ ಮಧ್ಯಾಹ್ನ. ಕ್ಲಾಸು ಹೋಯಿತು. ಸ್ಲೈಡ್ಸ್ ಆನ್‌ಲೈನ್‌ನಲ್ಲಿ ಇರುತ್ತವಲ್ಲ, ಆಮೇಲೆ ನೋಡಿದರಾಯಿತು ಅಂದುಕೊಂಡೆ. ಆಮೇಲೆ ಅನ್ನೋದು ಬರಲೇ ಇಲ್ಲ.

ಅದಕ್ಕಿಂತ ಮೂರ್ಖತನ ಮುಂದಿನದು. ಇಲ್ಲಿ ಪರೀಕ್ಷೆಗೆ ನಾವೇ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು. ಅದಕ್ಕೊಂದು ಗಡುವು ಇರುತ್ತದೆ, ಅದು ಪರೀಕ್ಷೆಗಿಂತ ಎಷ್ಟೋ ವಾರ ಮುಂಚೆಯೇ ಮುಗಿಯುತ್ತದೆ. 2019ರ ಬೇಸಿಗೆಯಲ್ಲಿ ಫೇಲಾದ ಎರಡು ವಿಷಯಕ್ಕೆ ಮತ್ತೆ ಬರೆಯಬೇಕಿತ್ತು. ಒಂದಕ್ಕೆ ಹೆಸರು ಕೊಟ್ಟೆ, ಇನ್ನೊಂದಕ್ಕೆ ಮರೆತೆ. ಗೊತ್ತಾದಾಗ ಗಡುವು ಮುಗಿದು ಮೂರು ದಿನ ಆಗಿತ್ತು. ಕಚೇರಿಗೆ ಓಡಿದೆ. ನಮ್ಮೂರಲ್ಲಾದರೆ ದಂಡ ಕಟ್ಟಿ, ಒಂದು ಪತ್ರ ಬರೆದುಕೊಟ್ಟು, ಕೈಮುಗಿದು ಹೇಗೋ ಆಗುತ್ತಿತ್ತು. ಇಲ್ಲಿ ಆ ಹೆಂಗಸು ತುಂಬಾ ಮರ್ಯಾದೆಯಿಂದ, "ಮುಂದಿನ ಸೆಮಿಸ್ಟರ್‌ನಲ್ಲಿ ಬರೆಯಬಹುದು" ಅಂದರು. ತಪ್ಪು ಅವರದ್ದಲ್ಲ. ಆರು ತಿಂಗಳು ಹೋಯಿತು.

ಹೆಸರು ಕೊಟ್ಟ ವಿಷಯದಲ್ಲಿ ಮತ್ತೆ 5.0 ಬಂತು. ಇದು ಆಟ ಅಲ್ಲ ಅಂತ ಅರ್ಥವಾಗಿದ್ದು ಆಗಲೇ. ನಮ್ಮಲ್ಲಿ ಬ್ಯಾಕ್ ಬಿದ್ದರೆ ಬರೆಯುತ್ತಾ ಇರಬಹುದು. ಇಲ್ಲಿ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದರಲ್ಲೂ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಅದೇ ಕೋರ್ಸನ್ನು ಜರ್ಮನಿಯಲ್ಲಿ ಬೇರೆ ಕಡೆ ಸೇರೋದೂ ಕಷ್ಟ. ಓದು ಹೋದರೆ ವೀಸಾಗೂ ಕುತ್ತು. ಸೈಟಿನ ಪತ್ರ ಬ್ಯಾಂಕಿನಲ್ಲಿದೆ. ಆ ವಾರ ನಾನು ಯಾರ ಫೋನನ್ನೂ ಎತ್ತಲಿಲ್ಲ.

ಒಂದು ಒಳ್ಳೆಯ ಪದ್ಧತಿ ಇದೆ ಇಲ್ಲಿ. ತಿದ್ದಿದ ಉತ್ತರ ಪತ್ರಿಕೆಯನ್ನು ಹೋಗಿ ನೋಡಬಹುದು, ದುಡ್ಡು ಕಟ್ಟಬೇಕಿಲ್ಲ. ನನ್ನ ಜೊತೆ ಇದ್ದ ಜರ್ಮನ್ ರೂಮ್‌ಮೇಟ್ "ಹೋಗಿ ನೋಡು, ಅದಕ್ಕೇ ಇರೋದು" ಅಂದ. ಹೋದೆ. ಪತ್ರಿಕೆ ತಿದ್ದಿದ ಅಸಿಸ್ಟೆಂಟ್ ಎದುರಿಗೇ ಕೂತಿದ್ದರು. ನಾನು ಒಂದು ಪ್ರಶ್ನೆಗೆ ಎರಡು ಪುಟ ಬರೆದಿದ್ದೆ, ವ್ಯಾಖ್ಯೆ, ಬ್ಲಾಕ್ ಡಯಾಗ್ರಾಮ್, ಅನುಕೂಲ, ಅನಾನುಕೂಲ, ಥೇಟ್ ವಿಟಿಯು ಹತ್ತು ಮಾರ್ಕ್ಸಿನ ಉತ್ತರ. ಅವರು ಎಲ್ಲ ಓದಿ, "ಇದೆಲ್ಲ ಸರಿ. ಆದರೆ ನಾವು ಕೇಳಿದ್ದು ಈ ಸರ್ಕ್ಯೂಟ್‌ನಲ್ಲಿ ಇದು ಯಾಕೆ ಕೆಲಸ ಮಾಡಲ್ಲ ಅಂತ. ಅದಕ್ಕೆ ಉತ್ತರ ಒಂದು ಸಾಲು, ಅದು ಇದರಲ್ಲಿ ಎಲ್ಲಿದೆ?" ಅಂದರು. ಎಲ್ಲೂ ಇರಲಿಲ್ಲ. ನಾಲ್ಕು ವರ್ಷ ಪುಟ ತುಂಬಿಸೋದನ್ನೇ ಓದು ಅಂದುಕೊಂಡಿದ್ದೆ.

ಅವತ್ತು ರಾತ್ರಿ ಅಪ್ಪಾಜಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಐದು ಅಂದರೆ ಏನು ಅನ್ನೋದನ್ನೂ ಸೇರಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಯಲಿಲ್ಲ. "ಮುಂದಿನದ್ದಕ್ಕೆ ಹೆಸರು ಕೊಡೋ ತಾರೀಖು ಯಾವುದು ಹೇಳು" ಅಂದರು. ಹೇಳಿದೆ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಬರೆದುಕೊಂಡರು. ಆಮೇಲೆ ಪ್ರತಿ ಭಾನುವಾರ ಫೋನ್. "ಏನಪಾ, ಹೆಸರು ಕೊಟ್ಯಾ?" ಇನ್ನೂ ಶುರುವೇ ಆಗಿಲ್ಲ ಅಪ್ಪಾಜಿ. "ಈ ವಾರ ಕ್ಲಾಸಿಗೆ ಎಷ್ಟು ದಿನ ಹೋದೆ?" ಇಪ್ಪತ್ತಮೂರು ವರ್ಷದ ಮಗನಿಗೆ ಏಳು ಸಾವಿರ ಕಿಲೋಮೀಟರ್ ದೂರದಿಂದ ಅಟೆಂಡೆನ್ಸ್. ನನಗೆ ಅದು ಬೇಕಾಗಿತ್ತು. ಗೋದಾಮು ಬಿಟ್ಟೆ, ಕೈ ಬಿಗಿ ಮಾಡಿಕೊಂಡೆ. 2020ರ ಫೆಬ್ರವರಿಯಲ್ಲಿ ಮೂರನೇ ಸಲ ಬರೆದೆ. 3.7 ಬಂತು. ಅದಕ್ಕಿಂತ ಕೆಳಗೆ ಪಾಸಾಗೋದು ಅಂದರೆ 4.0 ಒಂದೇ. ಮರೆತಿದ್ದ ಇನ್ನೊಂದು ವಿಷಯವೂ ಅದೇ ತಿಂಗಳು ಪಾಸಾಯಿತು. ಮುಂದಿನ ತಿಂಗಳೇ ಕೊರೊನಾ ಬಂದು ಎಲ್ಲ ಮುಚ್ಚಿತು. ಆ ಕಥೆ ಬೇಡ, ಎಲ್ಲರದ್ದೂ ಒಂದೇ.

ಬೇರೆ ಸಂಗತಿಗಳು. ಚಳಿಗಾಲದಲ್ಲಿ ನಾಲ್ಕು ಗಂಟೆ ದಾಟಿದರೆ ಕತ್ತಲು. ಮೊದಲ ಡಿಸೆಂಬರ್ ತುಂಬಾ ಕಷ್ಟವಾಯಿತು. ಆದರೆ ಆ ಕಡೆ ಒಂದು ಚೆಂದ ಇದೆ, ಮನೆಮನೆಯ ಕಿಟಕಿಯಲ್ಲೂ ಕಮಾನಿನಾಕಾರದ ಮರದ ದೀಪ ಇಡುತ್ತಾರೆ. ಪಕ್ಕದ ಬೆಟ್ಟದ ಸೀಮೆಯ ಗಣಿ ಕೆಲಸಗಾರರಿಂದ ಬಂದ ಪದ್ಧತಿಯಂತೆ. ಸುಮ್ನೆ ಬೀದಿಯಲ್ಲಿ ನಡೆದು ಅದನ್ನು ನೋಡುತ್ತಿದ್ದೆ. ಕಾರ್ತಿಕದಲ್ಲಿ ನಮ್ಮ ಓಣಿ ನೆನಪಾಗುತ್ತಿತ್ತು. ಬಾಡಿಗೆ ವಿಷಯದಲ್ಲಿ ಸಣ್ಣ ಊರು ವಾಸಿ. ಹಾಸ್ಟೆಲಿನ ರೂಮಿಗೆ ನಾನು ಕೊಟ್ಟಿದ್ದು ತಿಂಗಳಿಗೆ 230 ಯೂರೋ, ಮ್ಯೂನಿಕ್‌ನಲ್ಲಿದ್ದ ಗೆಳೆಯ ಅದರ ಎರಡು ಪಟ್ಟಿಗಿಂತ ಜಾಸ್ತಿ ಕೊಡುತ್ತಿದ್ದ.

ಭಾಷೆ. ಕೋರ್ಸ್ ಇಂಗ್ಲಿಷಿನಲ್ಲೇ ಇರುತ್ತದೆ, ಜರ್ಮನ್ ಯಾಕೆ ಅಂತ ಎಲ್ಲರೂ ಅಂದುಕೊಂಡು ಬರುತ್ತೇವೆ. ಡಿಗ್ರಿಗೆ ಬೇಡ, ನಿಜ. ಕೆಲಸಕ್ಕೆ, ಮನೆಗೆ, ಡಾಕ್ಟರ ಹತ್ತಿರ ಹೊಟ್ಟೆನೋವು ಎಲ್ಲಿ ಅಂತ ಹೇಳೋಕೆ ಬೇಕು. ಇಲ್ಲಿಂದ ನಮ್ಮ ಕಡೆಗೆ ಬಂದ ಕಿಟೆಲ್ ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟುಬಿಟ್ಟರು, ನನಗೆ ಜರ್ಮನ್‌ನಲ್ಲಿ ಬಿ1 (ಎ1, ಎ2 ಆದಮೇಲಿನ ಮೂರನೇ ಹಂತ) ಮುಟ್ಟೋಕೆ ಎರಡೂವರೆ ವರ್ಷ ಬೇಕಾಯಿತು. ಊರಲ್ಲೇ ಎ2 ಮುಗಿಸಿಕೊಂಡು ಬನ್ನಿ. ಬಂದಮೇಲೆ ಕಲಿಯುತ್ತೇನೆ ಅಂದವರು ಕಲಿತದ್ದು ನಾನು ಕಂಡಿದ್ದು ಕಡಿಮೆ.

ಹಾಗಾದರೆ ಬರಬೇಕೋ ಬೇಡವೋ? ನಾನು 2021ರ ಕೊನೆಗೆ ಮುಗಿಸಿದೆ, ಎರಡು ವರ್ಷದ ಕೋರ್ಸಿಗೆ ಮೂರು ವರ್ಷ. ಈಗ ಲೈಪ್ಜಿಗ್ ಹತ್ತಿರ ಕೆಲಸದಲ್ಲಿದ್ದೇನೆ, ಸೈಟಿನ ಪತ್ರ ಮನೆಗೆ ಬಂದಿದೆ. ನನ್ನ ಜೊತೆ ಬಂದವರಲ್ಲಿ ಇಬ್ಬರು ಅರ್ಧಕ್ಕೇ ವಾಪಸ್ ಹೋದರು. ಅವರು ದಡ್ಡರಲ್ಲ, ಒಬ್ಬ ನನಗಿಂತ ಜಾಣ. ನಿಮ್ಮನ್ನು ನೀವೇ ಓಡಿಸಿಕೊಳ್ಳುವವರಾದರೆ ಖಂಡಿತ ಬನ್ನಿ. ಅಲ್ಲದಿದ್ದರೆ, ನನ್ನ ಹಾಗೆ, ಕೇಳುವವರನ್ನು ಯಾರನ್ನಾದರೂ ಮೊದಲೇ ಗೊತ್ತು ಮಾಡಿಕೊಂಡು ಬನ್ನಿ.

ಬರುವುದೇ ಆದರೆ ಈಗಲೇ ಎಪಿಎಸ್ ಸರ್ಟಿಫಿಕೇಟಿನ (ನಿಮ್ಮ ಅಂಕಪಟ್ಟಿ, ಪದವಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಕೆಲಸ ನೋಡಿ. ನಮ್ಮ ಕಾಲದಲ್ಲಿ ಇರಲಿಲ್ಲ, 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಅದಿಲ್ಲದೆ ವೀಸಾ ಇಲ್ಲ. ಸೂಟ್‌ಕೇಸಿನಲ್ಲಿ ಕುಕ್ಕರ್ ಇರಲಿ, ಶೇಂಗಾ ಚಟ್ನಿಪುಡಿ ಇರಲಿ. ಮಂಡಕ್ಕಿಗೆ ಜಾಗ ವೇಸ್ಟ್ ಅನ್ನಬೇಡಿ. ನಾನು ಬಂದು ಇಳಿದಿದ್ದು ಶನಿವಾರ ರಾತ್ರಿ. ಭಾನುವಾರ ಇಲ್ಲಿ ಕಿರಾಣಿ ಅಂಗಡಿಯಿಂದ ಸೂಪರ್‌ಮಾರ್ಕೆಟ್‌ವರೆಗೆ ಎಲ್ಲ ಬಂದ್, ಅದು ನನಗೆ ಗೊತ್ತಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಮಂಡಕ್ಕಿಗೆ ಚಟ್ನಿಪುಡಿ ಕಲಸಿಕೊಂಡು ಇಡೀ ದಿನ ಅದನ್ನೇ ತಿಂದೆ.

ಇನ್ನೇನಾದರೂ ಕೇಳೋದಿದ್ದರೆ ಕೇಳಿ. ಭಾನುವಾರ ಉತ್ತರ ಬರೆಯುತ್ತೇನೆ. ಅಪ್ಪಾಜಿ ಫೋನ್ ಬಿಟ್ಟರೆ ಅವತ್ತು ಬೇರೆ ಕೆಲಸ ಇರಲ್ಲ.