ಓದುಗರ ಪ್ರಶ್ನೆ, ನಮ್ಮ ಉತ್ತರ: ಆನ್‌ಲೈನ್ ಪದವಿಗೆ ಯಾರ ಅನುಮತಿ ಬೇಕು?

ಆನ್‌ಲೈನ್ ಹಾಗೂ ದೂರಶಿಕ್ಷಣದ ಪದವಿಗಳ ಬಗ್ಗೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಬರೆದವರ ಹೆಸರುಗಳನ್ನು ಕೈಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಬಿ.ಕಾಂ. ಮುಗಿಸಿ ಇಲ್ಲಿಯ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿದ್ದೇನೆ. ಬೆಳಗಾವಿಯಲ್ಲಿ ಕಚೇರಿ ತೆರೆದಿರುವ ಏಜೆಂಟರೊಬ್ಬರು ಹೊರರಾಜ್ಯದ ವಿಶ್ವವಿದ್ಯಾಲಯದಿಂದ ಆನ್‌ಲೈನ್ ಎಂ.ಬಿ.ಎ. ಕೊಡಿಸುತ್ತೇನೆ, ಶುಲ್ಕವನ್ನು ನನ್ನ ಖಾತೆಗೇ ಕಟ್ಟಿ, ಒಂದೇ ವರ್ಷದಲ್ಲಿ ಪ್ರಮಾಣಪತ್ರ ಕೈಗೆ ಬರುತ್ತದೆ ಎನ್ನುತ್ತಿದ್ದಾರೆ. ವಿಶ್ವವಿದ್ಯಾಲಯಕ್ಕೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಮಾನ್ಯತೆ ಇದೆಯಂತೆ. ಸೇರಬಹುದೇ? (ಬೈಲಹೊಂಗಲ)

ಉತ್ತರ: ಈಗ ಸೇರಬೇಡಿ. ನೀವು ಬರೆದಿರುವ ಸಂಗತಿಗಳಲ್ಲಿ ಎರಡು, ಅಂದರೆ ಏಜೆಂಟರ ಖಾತೆಗೆ ಶುಲ್ಕ ಕಟ್ಟುವುದು ಮತ್ತು ಎರಡು ವರ್ಷದ ಸ್ನಾತಕೋತ್ತರ ಪದವಿ ಒಂದೇ ವರ್ಷದಲ್ಲಿ ಸಿಗುವುದು, ಆ ಬಾಗಿಲಿನಿಂದ ಹಿಂದಿರುಗಿ ಬರಲು ಸಾಕಷ್ಟು ಕಾರಣಗಳು. ಆನ್‌ಲೈನ್ ಆಗಿರಲಿ, ದೂರಶಿಕ್ಷಣವಾಗಿರಲಿ, ಪದವಿಯ ಅವಧಿ ಕಾಲೇಜಿನಲ್ಲಿ ಓದುವವರ ಅವಧಿಗಿಂತ ಕಡಿಮೆ ಇರುವಂತಿಲ್ಲ.

‘ಯುಜಿಸಿ ಮಾನ್ಯತೆ ಇದೆ’ ಎಂಬ ಮಾತಿನಲ್ಲಿ ನಮ್ಮ ಭಾಗದ ಅನೇಕ ಕುಟುಂಬಗಳು ಹಣವನ್ನೂ ವರ್ಷಗಳನ್ನೂ ಕಳೆದುಕೊಂಡಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು 1956ರ ಯುಜಿಸಿ ಕಾಯ್ದೆಯ 22ನೇ ಕಲಮು ನಿರ್ಧರಿಸುತ್ತದೆ: ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ (ಕೇಂದ್ರ ಸರಕಾರ ವಿಶ್ವವಿದ್ಯಾಲಯಕ್ಕೆ ಸಮವೆಂದು ಘೋಷಿಸಿದ ಸಂಸ್ಥೆ), ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ. ಆದರೆ ಈ ಅಧಿಕಾರವಿದ್ದ ಮಾತ್ರಕ್ಕೆ ಆನ್‌ಲೈನ್ ಪದವಿಯನ್ನೂ ನಡೆಸಬಹುದು ಎಂದಾಗುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಮುಕ್ತ, ದೂರ ಹಾಗೂ ಆನ್‌ಲೈನ್ ಶಿಕ್ಷಣದ ನಿಯಮಾವಳಿಯ ಪ್ರಕಾರ, ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸು, ಆನ್‌ಲೈನೋ ದೂರಶಿಕ್ಷಣವೋ, ಯಾವ ಶೈಕ್ಷಣಿಕ ವರ್ಷದ ಯಾವ ಪ್ರವೇಶಾವಧಿ ಎಂಬ ನಾಲ್ಕೂ ಕೂಡಿದಾಗಲೇ ಅರ್ಹತೆ ಪೂರ್ಣವಾಗುತ್ತದೆ. ಒಂದು ವಿಶ್ವವಿದ್ಯಾಲಯದ ಎಂ.ಕಾಂ. ಪಟ್ಟಿಯಲ್ಲಿದ್ದು ಎಂ.ಬಿ.ಎ. ಇಲ್ಲದಿರಬಹುದು; ಹೋದ ವರ್ಷ ಇದ್ದುದು ಈ ವರ್ಷ ಇಲ್ಲದಿರಬಹುದು. ಈ ಪಟ್ಟಿಯನ್ನು ಯುಜಿಸಿಯ ದೂರಶಿಕ್ಷಣ ವಿಭಾಗವು, ಅಂದರೆ ಜನ ಡಿಇಬಿ ಎಂದು ಕರೆಯುವ ಕಚೇರಿಯು, ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಏಜೆಂಟರು ಮೊಬೈಲಿನಲ್ಲಿ ತೋರಿಸುವ ಫೋಟೊವನ್ನು ನಂಬದೆ ನೀವೇ ತೆರೆದು ನೋಡಿ, ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ. ಮುಂದೆ ನೌಕರಿಯ ದಾಖಲೆ ಪರಿಶೀಲನೆಯಲ್ಲಿ ಆ ಹಾಳೆ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಪರೀಕ್ಷೆಯೂ ಇದೆ. 2024ರ ಸೆಪ್ಟೆಂಬರ್‌ನಿಂದ ಆರಂಭವಾದ ಪ್ರವೇಶಗಳಿಗೆ ವಿದ್ಯಾರ್ಥಿ ತಾನೇ ಡಿಇಬಿ ಜಾಲತಾಣದಲ್ಲಿ ಒಂದು ಗುರುತಿನ ಸಂಖ್ಯೆಯನ್ನು ಪಡೆಯುವುದು ಕಡ್ಡಾಯವಾಗಿದ್ದು, ಅದಕ್ಕೆ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಖಾತೆ, ಅಂದರೆ ಎಬಿಸಿ ಐಡಿ, ಮೊದಲೇ ಇರಬೇಕಾಗುತ್ತದೆ. ‘ಡಿಇಬಿ ಐಡಿ ಏನೂ ಬೇಕಾಗಿಲ್ಲ’ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ಮುಗಿಸಿ.

ಪ್ರವೇಶ ಕೊಡಿಸುವ ಕಂಪನಿಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಆನ್‌ಲೈನ್ ಅಥವಾ ದೂರಶಿಕ್ಷಣದ ಕೋರ್ಸುಗಳನ್ನು ಯಾವ ಕಂಪನಿಗೂ ಫ್ರಾಂಚೈಸಿಯಾಗಿ ಒಪ್ಪಿಸುವಂತಿಲ್ಲ ಎಂದು ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ. ಶುಲ್ಕ ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು, ರಸೀದಿಯೂ ಅದರ ಹೆಸರಿನಲ್ಲೇ ಬರಬೇಕು. ಯುಜಿಸಿ ಹಿಂದೆ ಪ್ರಕಟಿಸಿದ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮ ಗೋಕಾಕದ ವಿಳಾಸ ಹೊತ್ತ ಸಂಸ್ಥೆಯೊಂದೂ ಇತ್ತೆಂಬುದನ್ನು ನೆನಪಿಸುವುದು ಈ ಭಾಗದ ಓದುಗರ ಹಿತಕ್ಕಾಗಿಯೇ. ಮೋಸ ದೂರದ ದಿಲ್ಲಿಯಲ್ಲಷ್ಟೇ ಇದೆ ಎಂದು ಭಾವಿಸಬೇಕಾಗಿಲ್ಲ.

ಪ್ರಶ್ನೆ: ನಮ್ಮ ಕಡೆಯ ಹುಡುಗರು ಮೊದಲಿನಿಂದಲೂ ಓದಿಗೆ ಕೊಲ್ಹಾಪುರಕ್ಕೆ ಹೋಗುತ್ತಾರೆ. ಮಹಾರಾಷ್ಟ್ರದ ವಿಶ್ವವಿದ್ಯಾಲಯವೊಂದರ ದೂರಶಿಕ್ಷಣ ಕೇಂದ್ರವನ್ನು ಇಲ್ಲಿಯೇ ನಡೆಸುತ್ತೇವೆ, ಪರೀಕ್ಷೆಯೂ ಇಲ್ಲಿಯೇ ಎಂದು ಕೆಲವರು ಪ್ರಚಾರ ಮಾಡುತ್ತಿದ್ದಾರೆ. ಆ ಪದವಿಗೆ ಕರ್ನಾಟಕದಲ್ಲಿ ಬೆಲೆ ಇದೆಯೇ? (ನಿಪ್ಪಾಣಿ)

ಉತ್ತರ: ಗಡಿಯ ಊರುಗಳಲ್ಲಿ ಇರುವವರು ಇದನ್ನು ಖಚಿತವಾಗಿ ತಿಳಿದಿರಬೇಕು. ದೂರಶಿಕ್ಷಣದಲ್ಲಿ ರಾಜ್ಯ ವಿಶ್ವವಿದ್ಯಾಲಯದ ಅಧಿಕಾರ ಅದನ್ನು ಸ್ಥಾಪಿಸಿದ ರಾಜ್ಯದ ಎಲ್ಲೆಯೊಳಗೇ ನಿಲ್ಲುತ್ತದೆ. ಎಲ್ಲೆಯಾಚೆ ಅಧ್ಯಯನ ಕೇಂದ್ರವನ್ನಾಗಲಿ ಪರೀಕ್ಷಾ ಕೇಂದ್ರವನ್ನಾಗಲಿ ತೆರೆಯಲು ಅದಕ್ಕೆ ಅವಕಾಶವಿಲ್ಲ. ಒಂದು ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯವು ಇನ್ನೊಂದು ರಾಜ್ಯದಲ್ಲಿ ಕೇಂದ್ರ ತೆರೆಯುವ ಪ್ರಶ್ನೆಯನ್ನು ಸುಪ್ರೀಂ ಕೋರ್ಟು 2005ರಲ್ಲಿ ಪ್ರೊ. ಯಶಪಾಲ್ ಅವರು ಛತ್ತೀಸಗಡ ರಾಜ್ಯದ ವಿರುದ್ಧ ಹೂಡಿದ ಪ್ರಕರಣದಲ್ಲಿಯೇ ವಿಚಾರಿಸಿ, ಹಾಗೆ ತೆರೆಯಲು ಬಾರದೆಂದು ಹೇಳಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮಾತು ಬೇರೆ. ಅದು ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾದದ್ದು, ಇಡೀ ದೇಶವೇ ಅದರ ವ್ಯಾಪ್ತಿ.

ಈ ಎಲ್ಲೆಯನ್ನು ಮೀರಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿಯಾಗಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ಹೊರರಾಜ್ಯಗಳಲ್ಲಿ ಸಹಯೋಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ್ದು ಹಾಗೂ ಅನುಮತಿಯಿಲ್ಲದ ತಾಂತ್ರಿಕ ಕೋರ್ಸುಗಳನ್ನು ನೀಡಿದ್ದು ಕಾರಣವಾಗಿ, 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. 2018-19ರಿಂದ ಮತ್ತೆ ಮಾನ್ಯತೆ ದೊರೆತು ಇಂದು ಸಾವಿರಾರು ಜನ ಅಲ್ಲಿ ನಿಶ್ಚಿಂತೆಯಿಂದ ಓದುತ್ತಿದ್ದಾರೆ. ಆದರೆ ನಡುವಿನ ವರ್ಷಗಳಲ್ಲಿ ಪ್ರವೇಶ ಪಡೆದು, ಶ್ರದ್ಧೆಯಿಂದ ಓದಿ, ಯಾವ ತಪ್ಪನ್ನೂ ಮಾಡದ ವಿದ್ಯಾರ್ಥಿಗಳು ಬಡ್ತಿಗೂ ನೇಮಕಾತಿಗೂ ಅಲೆದಾಡಿದ ಸಂಕಟವನ್ನು ಈ ಮೂರೂ ಜಿಲ್ಲೆಗಳಲ್ಲಿ ಕಂಡವರು ಬಹಳ ಜನ. ಸಂಸ್ಥೆ ಮಾಡಿದ ತಪ್ಪಿನ ಭಾರ ವಿದ್ಯಾರ್ಥಿಯ ಮೇಲೆ ಬೀಳುವುದು ಅನ್ಯಾಯವೇ ಸರಿ. ಆದರೂ ಬೀಳುತ್ತದೆ ಎಂಬ ಕಾರಣಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಆದ್ದರಿಂದ ನಿಪ್ಪಾಣಿಯಲ್ಲಿ ನಡೆಯುವ ಆ ಕೇಂದ್ರಕ್ಕೆ ಸೇರಬೇಡಿ. ಮಹಾರಾಷ್ಟ್ರದ ವಿಶ್ವವಿದ್ಯಾಲಯದಲ್ಲೇ ದೂರಶಿಕ್ಷಣ ಪಡೆಯಬೇಕೆಂದಿದ್ದರೆ, ಅದರ ಪ್ರವೇಶ ನಿಯಮಗಳನ್ನು ಮೊದಲು ಓದಿ, ಪಾಠಕ್ಕೂ ಪರೀಕ್ಷೆಗೂ ಗಡಿಯಾಚೆಯ ಅಧಿಕೃತ ಕೇಂದ್ರಕ್ಕೆ ಹೋಗಲು ಸಾಧ್ಯವೇ ಎಂದು ಯೋಚಿಸಿ. ಪೂರ್ಣ ಆನ್‌ಲೈನ್ ಪದವಿಗಾದರೆ ಈ ಪ್ರಾದೇಶಿಕ ಎಲ್ಲೆ ಅನ್ವಯಿಸುವುದಿಲ್ಲ. ಅನುಮತಿ ಪಡೆದ ಯಾವ ರಾಜ್ಯದ ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸನ್ನಾದರೂ ನೀವು ಮನೆಯಲ್ಲಿ ಕುಳಿತು ಓದಬಹುದು.

ಪ್ರಶ್ನೆ: ಸಕ್ಕರೆ ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಆಧಾರದ ಮೇಲೆ ಕೆಲಸದಲ್ಲಿದ್ದೇನೆ. ಬಡ್ತಿಗಾಗಿ ಆನ್‌ಲೈನ್ ಬಿ.ಟೆಕ್. ಮಾಡಬಹುದೇ? ತಂಗಿಗೆ ಆನ್‌ಲೈನ್‌ನಲ್ಲಿ ಮನಃಶಾಸ್ತ್ರ ಓದುವ ಆಸೆ ಇದೆ. (ಮುಧೋಳ)

ಉತ್ತರ: ಎರಡೂ ಆಗುವುದಿಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿ, ತೋಟಗಾರಿಕೆ, ವಾಸ್ತುಶಿಲ್ಪ ಮೊದಲಾದ ಪದವಿಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನೀಡುವಂತಿಲ್ಲ; ಪಿಎಚ್‌.ಡಿ.ಯೂ ಇದೇ ನಿಷೇಧದಲ್ಲಿ ಸೇರಿದೆ. ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಟ್ಟ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ನವೆಂಬರ್‌ನಲ್ಲಿ ತೀರ್ಪು ನೀಡಿ ಆ ಪದವಿಗಳಿಗೆ ಮಾನ್ಯತೆ ಇಲ್ಲವೆಂದಿತು. ಹಳೆಯ ವರ್ಷಗಳ ವಿದ್ಯಾರ್ಥಿಗಳಿಗೆ ಹೊಸದಾಗಿ ಪರೀಕ್ಷೆ ಬರೆಯುವ ಅವಕಾಶವನ್ನಷ್ಟೇ ಉಳಿಸಿತು. ಡಿಪ್ಲೊಮಾ ಇರುವ ನಿಮಗೆ ಲ್ಯಾಟರಲ್ ಎಂಟ್ರಿಯ ಮೂಲಕ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ದಾರಿ ಇದೆ. ಉದ್ಯೋಗದಲ್ಲಿರುವವರಿಗೆ ಅನುಕೂಲ ಸಮಯದಲ್ಲಿ ತರಗತಿ ನಡೆಸಲು ಎಐಸಿಟಿಇಯ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ, ಒಪ್ಪಿಗೆ ಪಡೆದ ಕಾಲೇಜು ಹತ್ತಿರದಲ್ಲಿದೆಯೇ ಎಂದು ವಿಚಾರಿಸಿ.

ಮನಃಶಾಸ್ತ್ರಕ್ಕೆ ಮೊದಲು ಅವಕಾಶವಿತ್ತು. 2025ರ ಜುಲೈ-ಆಗಸ್ಟ್ ಪ್ರವೇಶಾವಧಿಯಿಂದ ಯುಜಿಸಿ ಅದನ್ನೂ, ಸೂಕ್ಷ್ಮಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ, ಆಹಾರ ಮತ್ತು ಪೋಷಣ ವಿಜ್ಞಾನದಂಥ ವಿಷಯಗಳನ್ನೂ ನಿಲ್ಲಿಸಿದೆ. ಹಳೆಯ ಕರಪತ್ರ ಹಿಡಿದು ಬರುವವರನ್ನು ನಂಬದಿರಲು ತಂಗಿಗೆ ತಿಳಿಸಿ. ಅವರು ಈ ವಿಷಯವನ್ನು ಕಾಲೇಜಿಗೆ ಹೋಗಿಯೇ ಓದಬೇಕಾಗುತ್ತದೆ.

ಪ್ರಶ್ನೆ: ಕಾಲೇಜಿನಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೇನೆ. ಜೊತೆಗೆ ಆನ್‌ಲೈನ್ ಬಿ.ಎ. ಮಾಡಿದರೆ ಎರಡೂ ರದ್ದಾಗುತ್ತವೆ ಎಂದು ಹೆದರಿಸುತ್ತಿದ್ದಾರೆ. (ವಿಜಯಪುರ)

ಉತ್ತರ: ರದ್ದಾಗುವುದಿಲ್ಲ. ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಏಕಕಾಲಕ್ಕೆ ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲಿಯೇ ಅವಕಾಶ ಕೊಟ್ಟಿದೆ. ನಿಮ್ಮ ಕಾಲೇಜು ಸೇರಿರುವ ವಿಶ್ವವಿದ್ಯಾಲಯವು ಅದನ್ನು ತನ್ನ ನಿಯಮಗಳಲ್ಲಿ ಅಳವಡಿಸಿಕೊಂಡಿದೆಯೇ ಎಂದು ಮಾತ್ರ ಕಚೇರಿಯಲ್ಲಿ ಕೇಳಿ, ಎರಡೂ ಕಡೆಯ ಪರೀಕ್ಷಾ ವೇಳಾಪಟ್ಟಿಗಳನ್ನು ಹೋಲಿಸಿ ನೋಡಿ. ಒಂದೇ ದಿನ ಎರಡು ಪರೀಕ್ಷೆ ಬಂದರೆ ಯಾರೂ ನಿಮಗಾಗಿ ದಿನಾಂಕ ಬದಲಿಸುವುದಿಲ್ಲ.

ಪ್ರಶ್ನೆ: ಮಗಳು ಅಳಿಯಂದಿರೊಂದಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಅರಿಜೋನಾದ ವಿಶ್ವವಿದ್ಯಾಲಯವೊಂದರಲ್ಲಿ ಆನ್‌ಲೈನ್ ಮೂಲಕ ಶಿಕ್ಷಕಿಯಾಗುವ ಕೋರ್ಸು ಓದುತ್ತಿದ್ದಾಳೆ. ಅಳಿಯಂದಿರಿಗೆ ಕ್ಯಾಲಿಫೋರ್ನಿಯಾಕ್ಕೆ ವರ್ಗವಾಗುವ ಸೂಚನೆ ಇದೆ. ಆನ್‌ಲೈನ್ ಓದಿಗೆ ಊರು ಬದಲಾದರೇನು ಎಂದು ನಾವು ಸುಮ್ಮನಿದ್ದೆವು. ತೊಂದರೆ ಇದೆಯೇ? (ಜಮಖಂಡಿ)

ಉತ್ತರ: ಇರಬಹುದು, ಆದ್ದರಿಂದ ಹೊರಡುವ ಮೊದಲೇ ವಿಚಾರಿಸಬೇಕು. ಅಲ್ಲಿ ಉನ್ನತ ಶಿಕ್ಷಣಕ್ಕೆ ಅನುಮತಿ ಕೊಡುವ ಅಧಿಕಾರ ಆಯಾ ರಾಜ್ಯದ್ದು. ವಿಶ್ವವಿದ್ಯಾಲಯ ಎಲ್ಲಿದೆ ಎಂಬುದರ ಜೊತೆಗೆ ವಿದ್ಯಾರ್ಥಿ ಎಲ್ಲಿ ಕುಳಿತು ಓದುತ್ತಾರೆ ಎಂಬುದೂ ಅಲ್ಲಿ ಮುಖ್ಯವಾಗುತ್ತದೆ. ಪ್ರತಿಯೊಂದು ರಾಜ್ಯದಿಂದಲೂ ಬೇರೆ ಬೇರೆಯಾಗಿ ಅನುಮತಿ ಪಡೆಯುವ ಕಷ್ಟ ತಪ್ಪಿಸಲು ರಾಜ್ಯಗಳು ತಮ್ಮೊಳಗೆ ಸಾರಾ ಎಂಬ ಪರಸ್ಪರ ಒಪ್ಪಂದ ಮಾಡಿಕೊಂಡಿವೆ. ಟೆಕ್ಸಾಸ್ ಮತ್ತು ಅರಿಜೋನಾ ಅದರಲ್ಲಿವೆ. ದೊಡ್ಡ ರಾಜ್ಯವಾದ ಕ್ಯಾಲಿಫೋರ್ನಿಯಾ ಅದನ್ನು ಸೇರದೆ ಹೊರಗೆ ಉಳಿದುಕೊಂಡು ಬಂದಿದೆ.

ಅದಕ್ಕಿಂತಲೂ ದೊಡ್ಡ ಪ್ರಶ್ನೆ ವೃತ್ತಿಯ ಪರವಾನಗಿಯದು. ಶಿಕ್ಷಕರು, ನರ್ಸುಗಳು ಮುಂತಾದವರಿಗೆ ಪ್ರತಿ ರಾಜ್ಯವೂ ತನ್ನದೇ ಅರ್ಹತೆ ಗೊತ್ತುಪಡಿಸಿದೆ. ಅಮೆರಿಕದ ಕೇಂದ್ರ ಸರಕಾರದ ವಿದ್ಯಾರ್ಥಿ ನೆರವಿನ ಯೋಜನೆಯಲ್ಲಿರುವ ಸಂಸ್ಥೆಗಳು, ಪ್ರವೇಶದ ವೇಳೆಗೆ ವಿದ್ಯಾರ್ಥಿ ಇರುವ ರಾಜ್ಯದ ಪರವಾನಗಿಗೆ ತಮ್ಮ ಕೋರ್ಸು ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕೆಂಬ ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ನಿಮ್ಮ ಮಗಳು ಪ್ರವೇಶ ಪಡೆದಾಗ ಟೆಕ್ಸಾಸ್‌ನಲ್ಲಿದ್ದರು. ಆ ಖಾತರಿ ಕ್ಯಾಲಿಫೋರ್ನಿಯಾಕ್ಕೆ ತಾನಾಗಿಯೇ ಅನ್ವಯಿಸುವುದಿಲ್ಲ. ವಿಳಾಸ ಬದಲಾಗಲಿದೆ ಎಂದು ವಿಶ್ವವಿದ್ಯಾಲಯಕ್ಕೆ ಅವರು ಈಗಲೇ ಲಿಖಿತವಾಗಿ ತಿಳಿಸಿ, ಓದು ಮುಂದುವರಿಸಬಹುದೇ, ಅಲ್ಲಿ ಶಿಕ್ಷಕಿಯಾಗಲು ಈ ಕೋರ್ಸು ಸಾಕೇ ಎಂಬ ಎರಡಕ್ಕೂ ಲಿಖಿತ ಉತ್ತರವನ್ನೇ ಪಡೆಯಲಿ. ಊರಿಗೆ ಮರಳಿ ಇಲ್ಲಿ ನೌಕರಿ ಮಾಡುವ ಯೋಚನೆ ಇದ್ದರೆ, ವಿದೇಶಿ ಆನ್‌ಲೈನ್ ಪದವಿಗೆ ಇಲ್ಲಿ ತತ್ಸಮಾನತೆ, ಅಂದರೆ ಇಲ್ಲಿಯ ಪದವಿಗೆ ಸಮವೆಂಬ ಮನ್ನಣೆ, ಸಿಗುತ್ತದೆ ಎಂದು ಭಾವಿಸಿ ಮುಂದುವರಿಯಬಾರದು.

ಪ್ರಶ್ನೆ: ಆನ್‌ಲೈನ್ ಎಂ.ಕಾಂ.ಗೆ ಸೇರಿದ್ದೇನೆ. ಹಿಂಗಾರಿ ಕೆಲಸದಿಂದಾಗಿ ಎರಡು ತಿಂಗಳು ಪಾಠ ನೋಡಲಿಲ್ಲ, ಅಸೈನ್‌ಮೆಂಟ್ ಕೊಟ್ಟಿಲ್ಲ. ಕೊನೆಗೆ ಪರೀಕ್ಷೆ ಬರೆದರೆ ಸಾಕಲ್ಲವೇ? (ಸಿಂದಗಿ)

ಉತ್ತರ: ಸಾಕಾಗುವುದಿಲ್ಲ. ಆಂತರಿಕ ಮೌಲ್ಯಮಾಪನಕ್ಕೆ ಗರಿಷ್ಠ 30 ಪ್ರತಿಶತ ಅಂಕಗಳವರೆಗೆ ಇರುತ್ತದೆ, ಉಳಿದದ್ದು ಸೆಮಿಸ್ಟರ್ ಪರೀಕ್ಷೆಗೆ. ನೀವು ಪಾಠ ತೆರೆದದ್ದು, ಚರ್ಚೆಯಲ್ಲಿ ಭಾಗವಹಿಸಿದ್ದು ಎಲ್ಲವೂ ವಿಶ್ವವಿದ್ಯಾಲಯದ ಕಲಿಕಾ ತಾಣದಲ್ಲಿ ದಾಖಲಾಗುತ್ತದೆ. ಆ ಭಾಗವಹಿಸುವಿಕೆ ಕಡಿಮೆಯಾದರೆ ಪರೀಕ್ಷೆಗೆ ಕೂಡಲು ಬಿಡದಿರುವುದೂ ಉಂಟು. ಈ ವಾರವೇ ನಿಮ್ಮ ಕೋರ್ಸಿನ ಸಂಯೋಜಕರಿಗೆ ಇಮೇಲ್ ಬರೆದು, ಕಾರಣವನ್ನು ಇದ್ದಂತೆ ತಿಳಿಸಿ, ತಡವಾದ ಅಸೈನ್‌ಮೆಂಟ್‌ಗಳನ್ನು ಯಾವ ದಿನಾಂಕದವರೆಗೆ ಸ್ವೀಕರಿಸುತ್ತಾರೆಂದು ಕೇಳಿ. ಹಣ ಕೊಟ್ಟು ಬೇರೆಯವರಿಂದ ಬರೆಸುವ ಯೋಚನೆ ಬೇಡ, ನಕಲು ಸಿಕ್ಕಿಬಿದ್ದರೆ ಸೆಮಿಸ್ಟರೇ ಹೋಗಬಹುದು. ಪರೀಕ್ಷೆಯನ್ನು ಮನೆಯಿಂದಲೇ ಬರೆಯುವ ವ್ಯವಸ್ಥೆಯಿದ್ದರೆ ಅಲ್ಲಿ ಕ್ಯಾಮೆರಾದ ನಿಗಾ ಇರುತ್ತದೆ. ಕರೆಂಟು ಹೋದಾಗ ಅಥವಾ ನೆಟ್‌ವರ್ಕ್ ಕಡಿದಾಗ ಮರುಪರೀಕ್ಷೆ ಕೊಡುತ್ತಾರೆಯೇ, ಎಷ್ಟು ಹೊತ್ತಿನೊಳಗೆ ದೂರು ಸಲ್ಲಿಸಬೇಕು ಎಂಬುದನ್ನು ಅದೇ ಇಮೇಲ್‌ನಲ್ಲಿ ಕೇಳಿಟ್ಟುಕೊಳ್ಳಿ.