ಹೊಸ ಹುಡುಗರನ್ನು ಟೀಮುಗಳು ಸರದಿಯಂತೆ ಆರಿಸಿಕೊಳ್ಳುವ ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ ನಮ್ಮ ಟೀಮಿಗೆ 'ಸಿ' ಗ್ರೇಡ್ ಬಂದಿದೆ, ಹೆಸರಾಂತ ಹುಡುಗನನ್ನು ಬಿಟ್ಟು ಅಗ್ಗದವನನ್ನು ತಗೊಂಡಿದ್ದಾರೆ. ಸೀಸನ್ ಟಿಕೆಟ್ ಬಿಟ್ಟುಬಿಡಲಾ?

ಬಿಡಬೇಡಿ. 2012ರಲ್ಲಿ ಹ್ಯೂಸ್ಟನ್‌ನಲ್ಲಿ ಕೂತು ನಾನೂ ಇದನ್ನೇ ಕೇಳುತ್ತಿದ್ದೆ.

ನಮ್ಮ ಆಸ್ಟ್ರೋಸ್ ಅದರ ಹಿಂದಿನ ವರ್ಷ 106 ಪಂದ್ಯ ಸೋತಿತ್ತು, ಹಾಗಾಗಿ ಡ್ರಾಫ್ಟ್‌ನ ಮೊದಲ ಪಿಕ್, ಅಂದರೆ ಮೊದಲ ಆಯ್ಕೆ, ನಮ್ಮದೇ. ಸ್ಟ್ಯಾನ್‌ಫರ್ಡ್‌ನ ಪಿಚರ್ (ಬಾಲ್ ಎಸೆಯುವವನು) ಮಾರ್ಕ್ ಅಪೆಲ್ ಹುಟ್ಟಿದ್ದೇ ಹ್ಯೂಸ್ಟನ್‌ನಲ್ಲಿ. ಅವನೇ ಬರುತ್ತಾನೆ ಅಂತ ಊರೆಲ್ಲ ಮಾತು. ಕೊನೆಗೆ ಕರೆದ ಹೆಸರು ಕಾರ್ಲೋಸ್ ಕೊರಿಯಾ, ಪೋರ್ಟೊ ರಿಕೊದ 17 ವರ್ಷದ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್. ದುಡ್ಡು ಉಳಿಸೋಕೆ ಹೀಗೆ ಮಾಡಿದರು ಅಂತ ಆಫೀಸಿನಲ್ಲಿ ಸಿಕ್ಕವರ ಮುಂದೆಲ್ಲ ಕೂಗಾಡಿದೆ.

ಉಳಿಸಿದ್ದು ನಿಜವೇ. ಯಾಕೆ ಉಳಿಸಿದರು ಅಂತ ನಾನು ನೋಡಲಿಲ್ಲ, ಇವತ್ತು ನೀವೂ ನೋಡುತ್ತಿಲ್ಲ. ಆ ವರ್ಷದಿಂದ ಹೊಸ ನಿಯಮ ಬಂದಿತ್ತು. ಮೊದಲ 10 ರೌಂಡಿನ ಪ್ರತಿ ಪಿಕ್‌ಗೂ ಲೀಗ್ ಒಂದು ಬೆಲೆ ಕಟ್ಟುತ್ತದೆ, ಅದೇ ಸ್ಲಾಟ್. ಎಲ್ಲಾ ಸ್ಲಾಟ್ ಕೂಡಿಸಿದರೆ ಟೀಮಿನ ಬೋನಸ್ ಪೂಲ್, ಅಂದರೆ ಹುಡುಗರ ಸಹಿಗೆ ಕೊಡಬಹುದಾದ ಒಟ್ಟು ದುಡ್ಡು. ಪೂಲ್ ದಾಟಿದರೆ ದಂಡ, ಶೇ 5ಕ್ಕಿಂತ ಜಾಸ್ತಿ ದಾಟಿದರೆ ಮುಂದಿನ ವರ್ಷದ ಮೊದಲ ರೌಂಡಿನ ಪಿಕ್ಕೇ ಹೋಗುತ್ತದೆ. ಆದರೆ ಪೂಲಿನೊಳಗೆ ಯಾರಿಗೆ ಎಷ್ಟು ಕೊಡಬೇಕು ಅನ್ನೋದು ಟೀಮಿನ ಇಷ್ಟ. ಮೊದಲ ಪಿಕ್‌ನ ಸ್ಲಾಟ್ 72 ಲಕ್ಷ ಡಾಲರ್ ಇತ್ತು, ಕೊರಿಯಾ 48 ಲಕ್ಷಕ್ಕೆ ಒಪ್ಪಿದ. ಉಳಿದ ದುಡ್ಡು ಹಿಡಿದುಕೊಂಡು 41ನೇ ಪಿಕ್‌ನಲ್ಲಿ ಲ್ಯಾನ್ಸ್ ಮೆಕಲರ್ಸ್ ಅನ್ನೋ ಹೈಸ್ಕೂಲ್ ಪಿಚರ್‌ನನ್ನು ಎತ್ತಿಕೊಂಡು, ಸ್ಲಾಟಿನ ಹೆಚ್ಚುಕಮ್ಮಿ ಎರಡರಷ್ಟು, 25 ಲಕ್ಷ ಕೊಟ್ಟರು. ಅಂದರೆ ಹೆಚ್ಚುಕಮ್ಮಿ ಒಂದು ಪಿಕ್‌ನ ದುಡ್ಡಲ್ಲಿ ಇಬ್ಬರು ಬಂದರು. ನಾನು ಮೊದಲ ಹೆಸರು ನೋಡಿ ಟಿವಿ ಆಫ್ ಮಾಡಿದ್ದೆ.

2013ರಲ್ಲೂ ಮೊದಲ ಪಿಕ್ ನಮಗೇ ಸಿಕ್ಕಿತು. ಈ ಸಲ ಅಪೆಲ್‌ನನ್ನೇ ತಗೊಂಡರು, 63.5 ಲಕ್ಷಕ್ಕೆ. ನನಗೆ ಹಬ್ಬ. ಅದರ ಮುಂದಿನ ಪಿಕ್‌ನಲ್ಲಿ ಶಿಕಾಗೊ ಕಬ್ಸ್ ಟೀಮು ಕ್ರಿಸ್ ಬ್ರಯಂಟ್‌ನನ್ನು ತಗೊಂಡಿತು, 2016ರಲ್ಲಿ ಅವನು ಎಂವಿಪಿ (ಅತ್ಯುತ್ತಮ ಆಟಗಾರ) ಆದ, ಅದೇ ವರ್ಷ ಕಬ್ಸ್ ವರ್ಲ್ಡ್ ಸೀರೀಸ್, ಅಂದರೆ ಫೈನಲ್, ಗೆದ್ದಿತು. ಅಪೆಲ್ ಮೇಜರ್ ಲೀಗ್‌ನಲ್ಲಿ ಆಸ್ಟ್ರೋಸ್ ಪರ ಒಂದು ಬಾಲೂ ಎಸೆಯಲಿಲ್ಲ. ಮೇಜರ್ ಲೀಗ್ ಮುಟ್ಟಿದ್ದೇ 2022ರಲ್ಲಿ, ಫಿಲಿಡೆಲ್ಫಿಯಾ ಟೀಮಿಗೆ.

2014ರಲ್ಲಿ ಮತ್ತೆ ಮೊದಲ ಪಿಕ್, ಬ್ರೇಡಿ ಏಕನ್. 65 ಲಕ್ಷಕ್ಕೆ ಮಾತಾಗಿತ್ತು. ಮೆಡಿಕಲ್‌ನಲ್ಲಿ ಮೊಣಕೈ ಬಗ್ಗೆ ಅನುಮಾನ ಬಂತು, ಟೀಮು ದುಡ್ಡು ಇಳಿಸಿತು, ಗಡುವು ಮುಗಿಯಿತು, ಹುಡುಗ ಕೈತಪ್ಪಿದ. ಅವನ ಸ್ಲಾಟ್ ಪೂಲಿನಿಂದ ಹೋಗಿದ್ದಕ್ಕೆ ಜೇಕಬ್ ನಿಕ್ಸ್ ಅನ್ನೋ ಇನ್ನೊಬ್ಬ ಹುಡುಗನ ಒಪ್ಪಂದವೂ ಮುರಿಯಿತು. ಆ ಹುಡುಗನ ಮುಖ ನೆನೆದರೆ ಈಗಲೂ ಬೇಜಾರಾಗುತ್ತದೆ. ಸಿಟ್ಟಿನಲ್ಲಿ, ಗೆಳೆಯರ ಜೊತೆ ಸೇರಿ ತಗೊಂಡಿದ್ದ ಸೀಸನ್ ಟಿಕೆಟ್‌ನಲ್ಲಿ ನನ್ನ ಪಾಲು ಬಿಟ್ಟೆ. ನನಗೆ ದುಬಾರಿಯಾಗಿದ್ದು ಇದೇ. ನಿಯಮದ ಮುಂದಿನ ಸಾಲು ನಾನು ಓದಿರಲಿಲ್ಲ. ಮೊದಲ ರೌಂಡಿನ ಹುಡುಗ ಸಹಿ ಹಾಕದಿದ್ದರೆ ಮುಂದಿನ ವರ್ಷ ಒಂದು ಸ್ಥಾನ ಕೆಳಗೆ ಪರಿಹಾರದ ಪಿಕ್ ಸಿಗುತ್ತದೆ. 2015ರಲ್ಲಿ ಹಾಗೆ ಸಿಕ್ಕ ಎರಡನೇ ಪಿಕ್‌ನಲ್ಲಿ ಬಂದವನು ಅಲೆಕ್ಸ್ ಬ್ರೆಗ್‌ಮನ್.

2017ರ ವರ್ಲ್ಡ್ ಸೀರೀಸ್, ಐದನೇ ಪಂದ್ಯ, ಹ್ಯೂಸ್ಟನ್‌ನಲ್ಲಿ. 12–12. ಮಧ್ಯರಾತ್ರಿ ದಾಟಿತ್ತು. ಹತ್ತನೇ ಇನಿಂಗ್ಸ್‌ನಲ್ಲಿ ಬ್ರೆಗ್‌ಮನ್ ಎಡಗಡೆ ಹೊಡೆದ, ಎರಡನೇ ಬೇಸಿನಿಂದ ಡೆರೆಕ್ ಫಿಶರ್ ಓಡಿ ಬಂದು ಹೋಮ್ ಪ್ಲೇಟಿಗೆ ಜಾರಿದ, 13–12. ನನ್ನ ಗೆಳೆಯರು ಫೋನ್ ಮಾಡಿದರೆ ಗದ್ದಲ ಬಿಟ್ಟು ಏನೂ ಕೇಳಿಸಲಿಲ್ಲ. ನಾನು ಮನೆಯ ಸೋಫಾ ಮೇಲಿದ್ದೆ. ಏಳನೇ ಪಂದ್ಯ ಶುರು ಮಾಡಿದ ಪಿಚರ್ ಯಾರು ಗೊತ್ತಾ? ಮೆಕಲರ್ಸ್.

ಆ ವರ್ಷ ನಮ್ಮವರು ಎದುರಾಳಿ ಕ್ಯಾಚರ್ ತನ್ನ ಪಿಚರ್‌ಗೆ ಕೊಡುವ ಸಿಗ್ನಲ್ ಕದ್ದಿದ್ದು ಆಮೇಲೆ ಬಯಲಾಯಿತು, ಅದನ್ನು ನಾನು ಸಮರ್ಥಿಸಲ್ಲ. ಲೀಗ್ ಕೊಟ್ಟ ಶಿಕ್ಷೆ ನೋಡಿ: 50 ಲಕ್ಷ ಡಾಲರ್ ದಂಡದ ಜೊತೆ 2020 ಮತ್ತು 2021ರ ಮೊದಲೆರಡು ರೌಂಡಿನ ಪಿಕ್‌ಗಳನ್ನೂ ಕಿತ್ತುಕೊಂಡರು. ನಿಜವಾಗಿ ನೋಯಿಸಿದ್ದು ಪಿಕ್‌ಗಳು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ಮರುದಿನದ ಗ್ರೇಡ್‌ಗೆ ಬೆಲೆಯೇ ಇಲ್ಲ. ನಾವು ಐಪಿಎಲ್ ಹರಾಜು ನೋಡಿ ರೂಢಿಯಾದವರು, ಅಲ್ಲಿ ಕೊಂಡವನು ಅದೇ ಸೀಸನ್‌ನಲ್ಲಿ ಆಡುತ್ತಾನೆ. ಇಲ್ಲಿ ಹುಡುಗ ಫಯೆಟ್‌ವಿಲ್, ಆ್ಯಶ್‌ವಿಲ್, ಕಾರ್ಪಸ್ ಕ್ರಿಸ್ಟಿ, ಶುಗರ್ ಲ್ಯಾಂಡ್ ಅಂತ ಕೆಳಗಿನ ಲೀಗಿನ ಟೀಮುಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಬರಬೇಕು. 2022ರ ವರ್ಲ್ಡ್ ಸೀರೀಸ್ ಎಂವಿಪಿ ಜೆರೆಮಿ ಪೇನ್ಯಾ 2018ರ ಮೂರನೇ ರೌಂಡಿನವನು, ಮೇನ್ ರಾಜ್ಯದ ಕಾಲೇಜಿನಿಂದ ಬಂದವನು. ಅದೇ ಸೀರೀಸ್‌ನ ಐದನೇ ಪಂದ್ಯದಲ್ಲಿ ಗೋಡೆಗೆ ಬಡಿದುಕೊಂಡು ಕ್ಯಾಚ್ ಹಿಡಿದ ಚಾಸ್ ಮೆಕಾರ್ಮಿಕ್ 2017ರ 21ನೇ ರೌಂಡಿನವನು. ಈಗ ಡ್ರಾಫ್ಟ್ ಇರೋದೇ 20 ರೌಂಡ್.

ನೀವು ಮಾಡಬೇಕಾದ್ದು ಇಷ್ಟೇ. ಸಹಿಯ ಗಡುವು ಮುಗಿಯುವವರೆಗೆ ಸುಮ್ನೆ ಇರಿ. ಆಮೇಲೆ ಮೊದಲ ಪಿಕ್‌ನಲ್ಲಿ ಉಳಿದ ದುಡ್ಡು ಯಾರಿಗೆ ಹೋಯಿತು ಅಂತ ಹುಡುಕಿ. ಸ್ಲಾಟಿಗಿಂತ ಜಾಸ್ತಿ ಯಾರಿಗೆ ಕೊಟ್ಟಿದ್ದಾರೋ ಅವನ ಹೆಸರು ಬರೆದಿಟ್ಟುಕೊಳ್ಳಿ. ಯಾರಿಗೂ ಕೊಡದೆ ಜೇಬಿಗೆ ಹಾಕಿಕೊಂಡಿದ್ದರೆ ಆಗ ಬೈಯಿರಿ, ನಾನೂ ಬರುತ್ತೇನೆ. ಟಿಕೆಟ್ ದುಡ್ಡು ಭಾರ ಅನಿಸಿದರೆ ಇನ್ನೊಬ್ಬರನ್ನು ಪಾಲಿಗೆ ಸೇರಿಸಿಕೊಳ್ಳಿ, ಪೂರ್ತಿ ಬಿಟ್ಟುಬಿಡಬೇಡಿ. ಪ್ಲೇಆಫ್ ಟಿಕೆಟ್ ಮೊದಲು ಸಿಗೋದು ಸೀಸನ್ ಟಿಕೆಟ್ ಇದ್ದವರಿಗೇ.